ಕೂಗುವುದಕ್ಕೊಂದು ಜಾಗ

ಮಾರ್ಚ್ ೩, ಸೋಮವಾರ

ಕೆಳಮನೆಯಾಕೆ ಇವತ್ತು ಮತ್ತೆ ಮೆಟ್ಟಿಲು ಹತ್ತಿ ಬಂದಳು. ಬಾಗಿಲು ತೆರೆದರೆ ಮಾತು ನನ್ನ ಜೊತೆ, ಕಣ್ಣು ಮಾತ್ರ ನನ್ನ ಹೆಗಲ ಮೇಲಿಂದ ಮನೆಯೊಳಗೆ. "ಏನಿಲ್ಲ, ಬೆಳಿಗ್ಗೆ ಬೆಳಿಗ್ಗೆ ಯಾರೋ ಕಿರುಚಿದ ಹಾಗಾಯ್ತು. ಮಗು ಬೆಚ್ಚಿಬಿತ್ತು. ಎಲ್ಲಾ ಸರಿಯಾಗಿದೆ ತಾನೆ?" ಎಂದಳು. ನಾನು ಗಂಡನಿಗೆ ಹೊಡೆಯುತ್ತಿದ್ದೇನೆ ಎಂಬ ಅನುಮಾನ ಅವಳಿಗೆ. "ಹೌದು, ಹೊಡೀತಿದೀನಿ. ಮಧ್ಯಾಹ್ನ ಸ್ವಲ್ಪ ಬಿಡುವು ಕೊಟ್ಟು ಸಂಜೆ ಮತ್ತೆ ಶುರು ಮಾಡ್ತೀನಿ" ಎಂದು ಬಾಗಿಲು ಹಾಕಿಕೊಂಡೆ.

ಮೈಯೆಲ್ಲ ಉರಿಯುತ್ತಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಮೊದಲಾದರೆ ಇಂಥದ್ದನ್ನೆಲ್ಲ ಇವರ ಮುಂದೆ ಒದರಿ ಹಗುರಾಗುತ್ತಿದ್ದೆ. ಇವರು ಮೆಲ್ಲಗೆ "ಹೋಗ್ಲಿ ಬಿಡು" ಅನ್ನುತ್ತಿದ್ದರು. ಅದನ್ನು ಕೇಳಿ ಇನ್ನೊಂದು ಸುತ್ತು ರೇಗುತ್ತಿದ್ದೆ. ಈಗ ಆ "ಹೋಗ್ಲಿ ಬಿಡು" ಕೂಡ ಕೇಳಿಸುವುದಿಲ್ಲ, ತುಟಿ ಅಲ್ಲಾಡುವುದು ಮಾತ್ರ ಕಾಣುತ್ತದೆ. ಒಬ್ಬಳೇ ರೇಗುವುದರಲ್ಲಿ ಏನು ಸುಖವಿದೆ?

ಪಾರ್ಕಿನ್ಸನ್ ಎಂದರೆ ಕೈ ನಡುಗುವ ಕಾಯಿಲೆ ಎಂದುಕೊಂಡಿದ್ದೆ. ಅದು ದನಿಯನ್ನೂ ತಿನ್ನುತ್ತದೆ ಎಂದು ಯಾರೂ ಹೇಳಿರಲಿಲ್ಲ. ವಿಚಿತ್ರವೆಂದರೆ ಇವರ ಕಿವಿಗೆ ತಾವು ಸರಿಯಾಗಿಯೇ ಮಾತಾಡುತ್ತಿದ್ದೇವೆ ಅನ್ನಿಸುತ್ತದಂತೆ. ಮೊದಲೇ ಇವರದು ಮೆಲು ಮಾತು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾ "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?" ಎಂದು ಕೇಳಿ ಕೇಳಿಯೇ ಆಯುಷ್ಯ ಕಳೆದವರು. ಮಾತಿನ ತರಬೇತಿ ಕೊಡುವ ಹುಡುಗಿ (ನಾನು ಟೀಚರಮ್ಮ ಅನ್ನುತ್ತೇನೆ, ನಮ್ಮ ಮಗಳಿಗಿಂತ ಚಿಕ್ಕವಳು) ಈಗ ಇವರಿಗೆ ದಿನಾ ಬೆಳಿಗ್ಗೆ ಉಸಿರು ಮುಗಿಯುವವರೆಗೆ "ಆ..." ಎಂದು ಕೂಗಬೇಕು, ಆಮೇಲೆ ದಿನಬಳಕೆಯ ಮಾತುಗಳನ್ನು ಗಟ್ಟಿಯಾಗಿ ಹೇಳಬೇಕು ಎಂದಿದ್ದಾಳೆ. ಈ ತಿಂಗಳಿಡೀ, ಒಂದು ದಿನವೂ ತಪ್ಪದೆ. "ಬಳಸದೆ ಬಿಟ್ರೆ ದನಿ ಹಾಗೇ ಒಳಗೆ ಹೋಗಿಬಿಡುತ್ತೆ ಅಮ್ಮ. ಆಮೇಲೆ ಎಳೆದು ತರೋದು ಕಷ್ಟ."

ನನ್ನ ಕೆಲಸ ಕಾರು ಓಡಿಸಲು ಕಲಿಸುವುದು. ದಿನವಿಡೀ "ಬ್ರೇಕ್! ಬ್ರೇಕ್ ಒತ್ತು!" ಎಂದು ಅರಚುವವಳ ಗಂಟಲು ಕಂಚಿನ ಹಾಗಿದೆ. ಜನ್ಮದಲ್ಲಿ ದನಿ ಎತ್ತದವರಿಗೆ ಕೂಗುವ ಶಿಕ್ಷೆ. ಎಲ್ಲ ತಲೆಕೆಳಗು.

ಮಾರ್ಚ್ ೬, ಗುರುವಾರ

ಪಾರ್ಕು ಆಗಲಿಲ್ಲ. ಇವರು "ಆ..." ಎಂದ ಕೂಡಲೇ ಜೋಕಾಲಿಯ ಹತ್ತಿರವಿದ್ದ ಮಕ್ಕಳೆಲ್ಲ "ಆ..." ಎಂದವು. ಅವುಗಳ ತಾಯಂದಿರು ಕಿಸಕ್ಕೆಂದರು. ನಾನು ಆ ತಾಯಂದಿರಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಕಾರೂ ಆಗಲಿಲ್ಲ. ಗಾಜು ಏರಿಸಿ ಕೂಗಿಸಿದೆ. ಇವತ್ತು ತರಬೇತಿಗೆ ಹೋದಾಗ ಟೀಚರಮ್ಮ ಅದೂ ಬೇಡ ಅಂದಳು. ಡಬ್ಬದಲ್ಲಿ ಕೂಗಿದರೆ ದನಿ ಅಲ್ಲೇ ಸುತ್ತಿ ಬರುತ್ತದೆ, ದೂರ ಕಳಿಸುವ ಅಭ್ಯಾಸವಾಗುವುದಿಲ್ಲ. ಇವರು ಒಂದು ಕಡೆ, ನಾನು ದೂರದಲ್ಲಿ ಇನ್ನೊಂದು ಕಡೆ ನಿಲ್ಲಬೇಕು. ಕೇಳಿಸಿದರೆ ಹೆಬ್ಬೆರಳು ಎತ್ತಬೇಕು, ಕೇಳಿಸದಿದ್ದರೆ ಕಿವಿಗೆ ಕೈ ಇಡಬೇಕು. ಅಷ್ಟು ಹೇಳಿ ಅವಳು ಇವರ ಕಡೆ ತಿರುಗಿ, "ಸರ್, ನಿದ್ದೆ ಹೇಗೆ ಬರ್ತಿದೆ?" ಎಂದು ಕೇಳಿದಳು. ಪರವಾಗಿಲ್ಲ, ಮಧ್ಯೆ ಒಂದೆರಡು ಸಲ ಎಚ್ಚರ ಆಗುತ್ತೆ ಎಂದೆ.

"ಅಮ್ಮ, ನಾನು ಸರ್‌ನ ಕೇಳಿದ್ದು" ಎಂದಳು.

ಎಷ್ಟು ಕೊಬ್ಬು ನೋಡಿ! ರಾತ್ರಿ ಎದ್ದು ಹೊದಿಕೆ ಸರಿಮಾಡುವವಳು ನಾನು, ಮಾತ್ರೆ ಕೊಡುವವಳು ನಾನು. ಇವರು ಎಷ್ಟು ಸಲ ಎದ್ದರು ಎಂದು ಇವರಿಗಿಂತ ನನಗೆ ಚೆನ್ನಾಗಿ ಗೊತ್ತು. ಇವರು ಒಂದು ವಾಕ್ಯ ಜೋಡಿಸುವಷ್ಟರಲ್ಲಿ ಅವಳ ಸಮಯವೇ ಮುಗಿದುಹೋಗುತ್ತದೆ. ಉಪಕಾರ ಮಾಡಿದವರಿಗೇ ಉಪದೇಶ.

ಒಂದು ಜಾಗ ಹೊಳೆದಿದೆ. ಊರಾಚೆಯ ಜೌಗು, ಈಗ ಅದಕ್ಕೆ ವನ್ಯಜೀವಿ ವಲಯ ಎಂದು ದೊಡ್ಡ ಹೆಸರು. ಅದರ ಪಕ್ಕದ ರಸ್ತೆಯಲ್ಲಿ ವಾಹನ ಕಡಿಮೆ ಎಂದು, ಮೈದಾನದಲ್ಲಿ ಕೈ ಕುದುರಿದ ಹೊಸಬರನ್ನು ಅಲ್ಲಿಗೇ ಕರೆದೊಯ್ಯುತ್ತೇನೆ. ಒಳಗೆ ಕಾಲಿಟ್ಟಿಲ್ಲ. ಸಾರ್ವಜನಿಕರಿಗೆ ಬೆಳಗಾಗುತ್ತಲೇ ತೆರೆಯುತ್ತಾರಂತೆ. ಸಾರ್ವಜನಿಕರು ಎಂದರೆ ನಾವೂ ಸೇರಿದೆವು.

ಮಾರ್ಚ್ ೮, ಶನಿವಾರ

ಸಾರ್ವಜನಿಕರು ಎಂದರೆ ನಾವು ಸೇರಿಲ್ಲವೆಂದು ಇವತ್ತು ಗೊತ್ತಾಯಿತು.

ಬಾಗಿಲ ಬಳಿ ಬೋರ್ಡು. ನಾಯಿ ತರಬೇಡಿ, ಹೂ ಕೀಳಬೇಡಿ, ತಿನಿಸು ಹಾಕಬೇಡಿ, ಸದ್ದು ಮಾಡಬೇಡಿ. ಕೊನೆಯದನ್ನು ನಾನು ಓದಲಿಲ್ಲ, ಓದಿದ್ದರೂ ನಿಲ್ಲುತ್ತಿರಲಿಲ್ಲ. ಒಳಗೆ ಜೊಂಡಿನ ನಡುವೆ ಹಲಗೆಯ ದಾರಿ, ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ. ಅಷ್ಟರಮಟ್ಟಿಗೆ ಯೋಗ್ಯ ಜಾಗ, ಇವರು ಕಂಬಿ ಹಿಡಿದು ನನ್ನ ತೋಳಿಲ್ಲದೆ ನಡೆದರು. ನೀರಿನ ಮೇಲೆ ಮಂಜು. ಸೈಕಲ್ಲಿನವರು, ಗಾಳ ಹಿಡಿದವರು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡವರು. ಜನ ಸಂತೋಷವಾಗಿ ಓಡಾಡುವ ಜಾಗದಲ್ಲಿ ನಮ್ಮದೊಂದು ಕೂಗು ಏನು ಮಹಾ ಎಂದು, ಇವರನ್ನು ಒಂದು ತಿರುವಿನಲ್ಲಿ ನಿಲ್ಲಿಸಿ ನಾನು ಮುಂದಿನ ತಿರುವಿಗೆ ಹೋದೆ. ಕೈ ಬೀಸಿದೆ. ಇವರು ಉಸಿರು ಎಳೆದುಕೊಂಡರು.

"ಆ..."

ನಿಜಕ್ಕೂ ಚೆನ್ನಾಗಿ ಬಂತು. ಆದರೆ ನನ್ನ ಪಕ್ಕದ ಜೊಂಡಿನಿಂದ ಬೆಳ್ಳಕ್ಕಿಗಳ ಹಿಂಡು ಭರ್ರೆಂದು ಎದ್ದುಹೋಯಿತು. ಮರದ ಗೂಡಂಗಡಿಯಂಥ ಒಂದು ವೀಕ್ಷಣೆಯ ಮನೆ ಅಲ್ಲಿತ್ತು ಎಂದು ಆಗಲೇ ಕಂಡದ್ದು. ಅದರ ಸೀಳುಕಿಟಕಿಯಿಂದ ತೋಳುದ್ದದ ಕ್ಯಾಮೆರಾ ಲೆನ್ಸು ಹೊರಗೆ ಬಂದಿತ್ತು. ಲೆನ್ಸಿನ ಹಿಂದಿನಿಂದ ಒಬ್ಬ ಈಚೆ ಬಂದ. ಮೈತುಂಬ ಎಲೆಬಣ್ಣದ ಬಟ್ಟೆ.

"ಯಾರ್ರೀ ಅದು? ಬೆಳಗಿನ ಜಾವದಿಂದ ಉಸಿರು ಬಿಗಿಹಿಡಿದು ಕೂತಿದ್ದೆ! ಇದೇನು ಸಂತೆನಾ?"

"ನೀವು ಉಸಿರು ಬಿಗಿಹಿಡಿದು ಕೂತ್ಕೊಳ್ಳಿ. ಅವರಿಗೆ ಉಸಿರು ಬಿಡೋಕೆ ಡಾಕ್ಟ್ರು ಹೇಳಿದ್ದಾರೆ."

"ಬೋರ್ಡು ಓದೋಕೆ ಬರಲ್ವಾ ಮೇಡಂ?"

ಪಿತ್ತ ನೆತ್ತಿಗೇರಿತು. ಇಬ್ಬರೂ ಸೇರಿ ಮಾಡಿದ ಗಲಾಟೆಗೆ ಉಳಿದ ಹಕ್ಕಿಗಳೂ ಎದ್ದುಹೋದವು. ಅಷ್ಟರಲ್ಲಿ ಇವರು ಬಂದು ನನ್ನ ತೋಳು ಹಿಡಿದರು. ಏನೋ ಅಂದರು. "ನೀವು ಸುಮ್ನಿರಿ, ನಾನು ನೋಡ್ಕೋತೀನಿ" ಅಂದೆ. ಆ ಲೆನ್ಸು ನೋಡಿ ಅವನಿಗೆ ಫಿರಂಗಿ ಎಂದು ಹೆಸರಿಟ್ಟಿದ್ದೇನೆ.

ಮಾರ್ಚ್ ೯, ಭಾನುವಾರ

ಹೋಗಲಿಲ್ಲ. ಹಾಳಾಗಿ ಹೋಗಲಿ ಹಕ್ಕಿಗಳೂ, ಫಿರಂಗಿಯೂ. ಇವರು ಅಡುಗೆಮನೆಯಲ್ಲಿ ದಿಂಬು ಬಾಯಿಗೆ ಒತ್ತಿಕೊಂಡು ಕೂಗಿದರು. ನೋಡಲಾಗಲಿಲ್ಲ.

ಮಾರ್ಚ್ ೧೦, ಸೋಮವಾರ

ಸೋಲುವವಳಲ್ಲ ನಾನು. ಮತ್ತೆ ಹೋದೆವು. ಅಲ್ಲಿನ ಮೇಲ್ವಿಚಾರಕಿ ಎದುರಾದಳು. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ಕಳೆ ಕೀಳುವ ಸಲಾಕೆ. ಫಿರಂಗಿ ಆಗಲೇ ಉಪ್ಪು ಖಾರ ಹಚ್ಚಿ ದೂರು ಕೊಟ್ಟಿದ್ದ. ನಾನೂ ಜಗಳಕ್ಕೆ ಸೊಂಟ ಕಟ್ಟಿಕೊಂಡೇ ನಿಂತಿದ್ದೆ. ಆ ಬೂಟಮ್ಮ ಎಲ್ಲ ಕೇಳಿಸಿಕೊಂಡು, "ಸದ್ದು ಮಾಡಬಾರದು ಅನ್ನೋ ನಿಯಮ ಇರೋದು ಹಲಗೆ ದಾರಿಗೆ. ಏರಿ ಮೇಲೆ ಹೋಗಿ, ತೂಬಿನ ಹತ್ತಿರ. ನೀರು ಬೀಳೋ ಸದ್ದಲ್ಲಿ ನಿಮ್ಮದು ಯಾರಿಗೂ ಕೇಳಲ್ಲ" ಅಂದಳು. ಕೂಡಿಟ್ಟುಕೊಂಡು ಬಂದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಅದಕ್ಕೂ ಸಿಟ್ಟು ಬಂತು.

ತೂಬು ಎಂದರೆ ಜೌಗಿನ ಹೆಚ್ಚಿನ ನೀರನ್ನು ಕಾಲುವೆಗೆ ಬಿಡುವ ಕಬ್ಬಿಣದ ಬಾಗಿಲು. ಈ ದಡದಲ್ಲಿ ಸಿಮೆಂಟಿನ ಕಟ್ಟೆ, ಇವರಿಗೆ ಕೂರಲು ಬೆಂಚಿದೆ. ಸಣ್ಣ ಸೇತುವೆ ದಾಟಿದರೆ ಆ ದಡದಲ್ಲಿ ಜಲ್ಲಿ ಹರಡಿದ ಬಯಲು, ಅಲ್ಲಿ ನಾನು. ನಡುವೆ ನೀರಿನ ಬೊಬ್ಬೆ. ಅದನ್ನು ಮೀರಿಸಿ ಇವರ ದನಿ ನನಗೆ ಮುಟ್ಟಬೇಕು.

ಇವತ್ತು ಮುಟ್ಟಲಿಲ್ಲ. ಕಿವಿಗೆ ಕೈ ಇಟ್ಟೇ ಭುಜ ನೋವು ಬಂತು.

ಮಾರ್ಚ್ ೧೫, ಶನಿವಾರ

ಮುಟ್ಟಿತು! "ಉಪ್ಪು ಕೊಡು!" ಎಂದು ನೀರಾಚೆಯಿಂದ ಕೂಗಿದರು. ನನ್ನ ಗಂಡ ನನಗೆ ಕೇಳುವ ಹಾಗೆ ಉಪ್ಪು ಕೇಳಿ ವರ್ಷದ ಮೇಲಾಗಿತ್ತು. ಎರಡೂ ಹೆಬ್ಬೆರಳು ಎತ್ತಿ ಕುಣಿದೆ. ಸೈಕಲ್ಲಿನವನೊಬ್ಬ ನೋಡುತ್ತಾ ಹೋಗಿ ಕಂಬಕ್ಕೆ ತಾಗಿಸಿಕೊಂಡ. ಮುಂದೆ ನೋಡಿಕೊಂಡು ಓಡಿಸು ಎಂದು ಅವನಿಗೂ ಬೈದೆ, ಅಭ್ಯಾಸಬಲ.

ಇಲ್ಲಿ ಒಂದು ಹಕ್ಕಿಯ ಕಾಟ. ಉದ್ದ ಹಳದಿ ಕಾಲು, ಕಪ್ಪು ಎದೆ. ನಾನು ಜಲ್ಲಿಯ ಮೇಲೆ ಕಾಲಿಟ್ಟ ಕೂಡಲೇ ತಲೆಯ ಮೇಲೆ ಸುತ್ತುತ್ತಾ ಅರಚುತ್ತದೆ, ಒಮ್ಮೊಮ್ಮೆ ನೇರ ಮುಖಕ್ಕೇ ನುಗ್ಗುತ್ತದೆ. ಟಿಟ್ಟಿಭವಂತೆ, ಬೂಟಮ್ಮ ಹೇಳಿದಳು. ಫಿರಂಗಿಯೇ ಹೇಳಿಕೊಟ್ಟು ಕಳಿಸಿರಬೇಕು. ಕೊಡೆ ಬೀಸಿ ಓಡಿಸುತ್ತೇನೆ. ಹೋಗುವುದಿಲ್ಲ. ಇಷ್ಟು ಹಟಮಾರಿ ಪ್ರಾಣಿಯನ್ನು ನೋಡಿಲ್ಲ.

ನೀರಿನಲ್ಲಿ ಇನ್ನೊಂದು ಪುಟ್ಟದಿದೆ. ಕರಿ ಮಡಕೆಯ ಹಾಗೆ ದುಂಡಗೆ ತೇಲುತ್ತಾ ಇದ್ದಕ್ಕಿದ್ದ ಹಾಗೆ ಮುಳುಗಿಬಿಡುತ್ತದೆ. ಎಲ್ಲಿ ಏಳುತ್ತದೆ ಎಂದು ಊಹಿಸಿದರೆ ಯಾವಾಗಲೂ ತಪ್ಪು. ಗುಳುಮುಳುಕ. ನನಗೇನೂ ಹಕ್ಕಿಗಳಲ್ಲಿ ಆಸಕ್ತಿಯಿಲ್ಲ, ಕಣ್ಣಿಗೆ ಬಿತ್ತು, ಬರೆದೆ.

ಮಾರ್ಚ್ ೧೮, ಮಂಗಳವಾರ

ಇವರ ಹಳೆಯ ಅಂಗಡಿಯವನು ನೋಡಲು ಬಂದಿದ್ದ. ಇವರ ಕೈಕೆಳಗೆ ಕೆಲಸ ಕಲಿತವನು. ಇವರು ಎದುರಿಗೇ ಕೂತಿದ್ದಾರೆ, ಅವನು ನನ್ನ ಮುಖ ನೋಡಿ, "ಹೇಗಿದ್ದಾರೆ? ಊಟ ಮಾಡ್ತಾರಾ? ಗುರುತು ಹಿಡೀತಾರಾ?" ಎಂದು ಕೇಳುತ್ತಾನೆ. ಕುರ್ಚಿಯೊಂದರ ವಿಚಾರ ಕೇಳಿದ ಹಾಗೆ! ನನಗೆ ಎಲ್ಲಿತ್ತೋ ಸಿಟ್ಟು.

"ಅವರು ಇಲ್ಲೇ ಇದ್ದಾರಲ್ಲಪ್ಪ, ಅವರನ್ನೇ ಕೇಳು" ಎಂದೆ. ಅವನು ಕೇಳಿದ. ಇವರು ಬಾಯಿ ತೆಗೆಯುವಷ್ಟರಲ್ಲಿ ಅವನ ಕಾಫಿ ಆರಿಹೋಗುತ್ತದೆ ಎಂದು ನಾನೇ ಎಲ್ಲ ಹೇಳಿದೆ. ಗುರುತು ಹಿಡಿಯುತ್ತಾರೆ, ಬುದ್ಧಿ ಚುರುಕಾಗಿದೆ, ದನಿ ಮಾತ್ರ ಹೀಗೆ, ದಿನಾ ಅಭ್ಯಾಸಕ್ಕೆ ಕರೆದೊಯ್ಯುತ್ತೇನೆ, ಸುಧಾರಿಸುತ್ತಿದೆ. ಅವನು ತಲೆ ಆಡಿಸುತ್ತಾ ಕೂತ. ಹೊರಡುವಾಗ ಇವರ ಬೆನ್ನು ತಟ್ಟಿ, "ನಿಮ್ಮ ಅದೃಷ್ಟ ಸರ್, ಇಂಥ ಹೆಂಡ್ತಿ" ಎಂದು ಕಿರುಚಿದ. ಇವರು ಕಿವುಡರು ಎಂದುಕೊಂಡ ಮೂರ್ಖ.

ಜನರಿಗೆ ಸೂಕ್ಷ್ಮವೇ ಇಲ್ಲ.

ಮಾರ್ಚ್ ೨೧, ಶುಕ್ರವಾರ

ಇವತ್ತು ಫಿರಂಗಿಯನ್ನು ಕಳ್ಳಾಟದಲ್ಲೇ ಹಿಡಿದೆ. ಹಲಗೆ ದಾರಿಯಲ್ಲಿ ಬರುತ್ತಿದ್ದಾಗ ಜೊಂಡಿನೊಳಗೆ ಒಂದು ಹಕ್ಕಿ ಕೂಗುತ್ತಲೇ ಇತ್ತು, ಒಂದೇ ಲಯದಲ್ಲಿ. ನೋಡಿದರೆ ಹಕ್ಕಿಯಲ್ಲ, ಅವನ ಫೋನು! ಜೊಂಡಿಗೆ ಕಟ್ಟಿ, ರೆಕಾರ್ಡ್ ಮಾಡಿದ ಕೂಗು ಹಾಕಿದ್ದ. ನಿಜವಾದ ಹಕ್ಕಿಯೊಂದು ತನ್ನ ಜಾಗಕ್ಕೆ ಬೇರೊಬ್ಬ ಬಂದನೆಂದು ಹೊರಗೆ ಬಂದು, ಅತ್ತಿತ್ತ ಹಾರಿ, ಎದುರಾಳಿಯನ್ನು ಹುಡುಕುತ್ತಿತ್ತು. ಇವನು ಪಟಪಟನೆ ಫೋಟೋ ಹೊಡೆಯುತ್ತಿದ್ದ.

"ನಮ್ಮವರು ಕೂಗಿದ್ರೆ ಗದ್ದಲ, ನಿಮ್ಮ ಫೋನು ಕೂಗಿದ್ರೆ ಸಂಗೀತನಾ?"

"ಮೇಡಂ, ಇದು ತಂತ್ರ. ನಿಮಗೆ ಅರ್ಥ ಆಗಲ್ಲ."

"ಮೋಸ ಅಂತಾರೆ ಇದಕ್ಕೆ. ಅದು ಚೆನ್ನಾಗಿ ಅರ್ಥ ಆಗುತ್ತೆ."

ಕಣ್ಣು ಕೆಂಪಗೆ ಮಾಡಿಕೊಂಡು, "ಮುಂದಿನ ಶನಿವಾರ ಸಭೆ ಇದೆ, ಅಲ್ಲಿ ಮಾತಾಡೋಣ" ಎಂದ. ಆಮೇಲೆ ಬೂಟಮ್ಮ ವಿಷಯ ಹೇಳಿದಳು. ಸದ್ದು ಮಾಡಬಾರದೆಂಬ ನಿಯಮವನ್ನು ಏರಿ, ತೂಬು, ಎಲ್ಲ ಕಡೆಗೂ ಹಾಕಬೇಕೆಂದು ಇವನೂ ಇವನ ಗೆಳೆಯರೂ ಅರ್ಜಿ ಕೊಟ್ಟಿದ್ದಾರೆ. ಇಲ್ಲಿಗೆ ಬಂದು ಹೋಗುವ ಯಾರು ಬೇಕಾದರೂ ಸಭೆಯಲ್ಲಿ ಮಾತಾಡಬಹುದಂತೆ.

ಮಾತಾಡುತ್ತೇನೆ. ನನ್ನ ಗಂಡನ ದನಿ ಈಗಷ್ಟೇ ನೀರು ದಾಟುತ್ತಿದೆ. ಅದನ್ನು ಮತ್ತೆ ದಿಂಬಿನೊಳಗೆ ತುರುಕಲು ಬಿಡುವುದಿಲ್ಲ.

ಮಾರ್ಚ್ ೨೪, ಸೋಮವಾರ

ಇವರು ಅಭ್ಯಾಸದ ಮಾತು ಬಿಟ್ಟು ಬೇರೇನೇನೋ ಕೂಗುತ್ತಿದ್ದಾರೆ. "ಉಪ್ಪು ಕೊಡು", "ಬಾಗಿಲು ಹಾಕು", "ಪೇಪರ್ ಎಲ್ಲಿ" ಎಂಬ ಮೂರು ಮಾತು ಟೀಚರಮ್ಮ ಗೊತ್ತುಮಾಡಿಕೊಟ್ಟಿದ್ದಳು. ಎರಡು ಮೂರು ದಿನದಿಂದ ಉದ್ದುದ್ದ ಏನೋ ಹೇಳುತ್ತಾರೆ, ಕೈಯನ್ನೂ ಬೀಸುತ್ತಾರೆ. ನಾನು ಸಭೆಯ ಭಾಷಣವನ್ನು ಮನಸ್ಸಿನಲ್ಲೇ ಜೋಡಿಸುತ್ತಾ ನಿಂತಿರುತ್ತೇನೆ, ಮೇಲೆ ಆ ಟಿಟ್ಟಿಭದ ಬೊಬ್ಬೆ ಬೇರೆ. ಏನು ಹೇಳಿದರು ಎಂದು ಲಕ್ಷ್ಯ ಕೊಡಲಿಲ್ಲ. ಜೋರಾಗಿತ್ತು, ಅದು ಮುಖ್ಯ. ಹೆಬ್ಬೆರಳು ಎತ್ತಿದೆ. ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದೆ. ಇನ್ನೂ ಜೋರಾಗಿ ಕೂಗಿದರು. ಮತ್ತೆ ಹೆಬ್ಬೆರಳು.

ಕಾರಿನಲ್ಲಿ ಏನೋ ಹೇಳಲು ಹೊರಟರು. ಗಂಟಲು ಉಳಿಸಿಕೊಳ್ಳಿ ಎಂದೆ. ಭಾಷಣ ಒಪ್ಪಿಸಿದೆ. ಹೇಗಿದೆ ಎಂದು ಕೇಳಿ, ಚೆನ್ನಾಗಿದೆ ಎಂದು ನಾನೇ ಹೇಳಿಕೊಂಡೆ.

ಮಗಳ ಫೋನು ಬಂತು. ಅಪ್ಪನಿಗೆ ಕೊಡು ಎಂದಳು. ದಣಿದಿದ್ದಾರೆ, ನಾನೇ ಎಲ್ಲ ಹೇಳುತ್ತೇನೆ ಎಂದೆ.

ಮಾರ್ಚ್ ೨೬, ಬುಧವಾರ

ಏನಾಗಿದೆ ಇವರಿಗೆ? ಕೂಗಲಿಲ್ಲ. ಒಂದು "ಆ" ಕೂಡ ಇಲ್ಲ. ಬೆಂಚಿನ ಮೇಲೆ ಕೂತು ಬರೀ ಕೈ ಎತ್ತುತ್ತಿದ್ದರು, ಕೈ ನನ್ನ ಕಾಲಿನ ಕಡೆ ಚಾಚಿಕೊಂಡು ನಡುಗುತ್ತಿತ್ತು. ನಡುಕ ಜಾಸ್ತಿಯಾಗಿದೆ. ನಾನು ಈ ಕಡೆಯಿಂದ ಕಿವಿಗೆ ಕೈ ಇಟ್ಟು, ಕುಣಿದು, ಬೇಡಿಕೊಂಡು, ಕೊನೆಗೆ ನಾನೇ "ಆ..." ಎಂದು ಕೂಗಿ ತೋರಿಸಿದೆ. ಟಿಟ್ಟಿಭ ನನ್ನ ಕೂದಲಿಗೇ ತಾಗುವ ಹಾಗೆ ಬಂತು.

ಸೇತುವೆ ದಾಟಿ ಓಡಿದೆ. "ಯಾಕ್ರೀ ಕೂಗಲ್ಲ? ಆಗ್ತಿಲ್ವಾ, ಬೇಡ್ವಾ?" ತಲೆ ಅಲ್ಲಾಡಿಸಿದರು. ಏನೋ ಹೇಳಿದರು, ನೀರಿನ ಸದ್ದಿನಲ್ಲಿ "ಇಲ್ಲಿ ಬೇಡ" ಎಂಬಷ್ಟು ಮಾತ್ರ ಸಿಕ್ಕಿತು.

"ಇಲ್ಲಿ ಬೇಡ ಅಂದ್ರೆ ಇನ್ನೆಲ್ಲಿ? ನಮಗೋಸ್ಕರ ಯಾರು ಜಾಗ ಹಿಡಿದಿಟ್ಟಿದ್ದಾರೆ? ನೀವು ಹೀಗೆ ಕೈಬಿಟ್ರೆ ಆ ಮನೇಲಿ ನಾನೊಬ್ಬಳೇ ಗೋಡೆ ಜೊತೆ ಮಾತಾಡಿಕೊಂಡು ಸಾಯಬೇಕಾ?"

ಬೈದ ಮೇಲೆ ಅಳು ಬಂತು. ಬೆಂಚಿನ ಮೇಲೆ ಇವರ ಪಕ್ಕ ಕೂತು ಅತ್ತೆ. ಹೆದರಿಕೆಯಾಗಿದೆ. ಟೀಚರಮ್ಮ ಹೇಳಿದ್ದು ಇದೇ ಇರಬೇಕು, ದನಿ ಒಳಗೆ ಹೋಗುವುದು ಎಂದರೆ. ಇವರು ನನ್ನ ಕೈ ಹಿಡಿದುಕೊಂಡರು. ಗುಳುಮುಳುಕ ಮುಳುಗಿತು, ಇವರು ಬೆರಳು ಚಾಚಿ ತೋರಿಸಿದ ಕಡೆಯೇ ಎದ್ದಿತು. ಇನ್ನೊಂದು ಸಲವೂ ಹಾಗೇ ಆಯಿತು.

ಮಾರ್ಚ್ ೨೭, ಗುರುವಾರ

ಇವತ್ತೂ ಇಲ್ಲ. ಸುಮ್ಮನೆ ಕೂತು ಬಂದೆವು.

ಮಾರ್ಚ್ ೨೯, ಶನಿವಾರ

ಕ್ರಮವಾಗಿ ಬರೆಯಲು ನೋಡುತ್ತೇನೆ.

ಸಭೆ ಬಾಗಿಲ ಪಕ್ಕದ ಹಾಲ್‌ನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಜೌಗಿನ ನಕ್ಷೆ. ಗಾಳ ಹಾಕುವ ಮುದುಕರು, ಸೈಕಲ್ಲಿನವರು, ಮಗುವಿನ ಗಾಡಿಯವರು ಎಲ್ಲ ಬಂದಿದ್ದರು. ಬೂಟಮ್ಮ ಇವತ್ತು ಬೂಟಿಲ್ಲದೆ ಮೇಜಿನ ಹಿಂದೆ ಕೂತಿದ್ದಳು. ಮೊದಲು ಫಿರಂಗಿ ಎದ್ದ. ಹಕ್ಕಿಗಳ ನೆಮ್ಮದಿ, ಪ್ರಕೃತಿಯ ಮೌನ ಎಂದೆಲ್ಲ ಜೇನಿನಲ್ಲಿ ಅದ್ದಿದ ಮಾತು. ಮೀನು ಕಾಯುವ ಬಕನ ಧ್ಯಾನ ಅವನ ಮುಖದಲ್ಲಿ.

ನಾನು ಎದ್ದೆ. ಚೆನ್ನಾಗಿಯೇ ಮಾತಾಡಿದೆ. ಇದು ಸಾರ್ವಜನಿಕರ ಜಾಗ. ಕಾಯಿಲೆಯವರೂ ಸಾರ್ವಜನಿಕರೇ. ನನ್ನ ಗಂಡನಿಗೆ ದನಿ ಉಳಿಯಬೇಕಾದರೆ ಕೂಗಬೇಕು, ಕೂಗಲು ಊರಿನಲ್ಲಿ ಬೇರೆಲ್ಲೂ ಜಾಗ ಕೊಟ್ಟಿಲ್ಲ. ಫೋನಿನಲ್ಲಿ ಸುಳ್ಳು ಕೂಗು ಹಾಕಿ ಹಕ್ಕಿಯ ತಲೆ ಕೆಡಿಸುವವರು ನಮ್ಮ ತಲೆಯ ಮೇಲೆ ಗೂಬೆ ಕೂರಿಸುವುದು ಬೇಡ. ಗಾಳದ ಮುದುಕರು ಚಪ್ಪಾಳೆ ತಟ್ಟಿದರು. ಫಿರಂಗಿಯ ಕಿವಿ ಕೆಂಪಾಯಿತು. ಗೆದ್ದೆ ಅಂದುಕೊಂಡೆ.

ಆಗ ಬೂಟಮ್ಮ ಇವರ ಕಡೆ ನೋಡಿ, "ಸರ್, ನೀವೇನಂತೀರಿ?" ಅಂದಳು.

"ಅವರದ್ದೂ ಇದೇ ಅಭಿಪ್ರಾಯ. ಅವರಿಗೆ ಮಾತಾಡೋಕೆ ಕಷ್ಟ, ಅದಕ್ಕೇ ನಾನು..."

"ನನ್ನದು ಅದಲ್ಲ."

ಹಿಂದಿನ ಸಾಲಿನಿಂದ ಯಾರೋ ಅಂದರು ಎಂದುಕೊಂಡೆ. ಇವರು! ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಿದ್ದರು. ಕೈಯ ನಡುಕಕ್ಕೆ ಕುರ್ಚಿ ಟಕಟಕ ಎನ್ನುತ್ತಿತ್ತು.

"ನೀನು ಕೂತ್ಕೋ" ಎಂದರು ನನಗೆ.

ಮದುವೆಯಾದ ಇಷ್ಟು ವರ್ಷದಲ್ಲಿ ಒಂದು ದಿನ ನನಗೆ ಹಾಗೆ ಅಂದವರಲ್ಲ. ಅಷ್ಟು ಜನರ ಮುಂದೆ! ಕೂತೆ. ಇವರು ಹೊಟ್ಟೆಯ ತುಂಬ ಉಸಿರು ಎಳೆದುಕೊಂಡರು.

"ತೂಬಿನ ಹತ್ತಿರ ಗೂಡಿದೆ. ಟಿಟ್ಟಿಭದ್ದು. ಆ ದಡದಲ್ಲಿ, ಜಲ್ಲಿ ಮೇಲೆ. ಇವಳು ನಿಲ್ಲೋ ಜಾಗದ ಪಕ್ಕದಲ್ಲೇ ಮೊಟ್ಟೆ ಇದೆ. ನಾವು ಇರೋವರೆಗೂ ಆ ಹಕ್ಕಿ ಕಾವಿಗೆ ಕೂರಲ್ಲ." ಮತ್ತೆ ಉಸಿರು. "ಆ ಕಡೆ ಮುಚ್ಚಿಬಿಡಿ. ಮರಿ ಎದ್ದು ಓಡೋವರೆಗೆ ಯಾರನ್ನೂ ಬಿಡಬೇಡಿ. ನಮ್ಮನ್ನೂ."

"ಅಯ್ಯೋ ಸರ್, ಈ ಸಲ ಅಲ್ಲಿ ಇಟ್ಟಿದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಮೊದಲೇ ಹೇಳಬಾರದಿತ್ತಾ?" ಎಂದಳು ಬೂಟಮ್ಮ.

"ಹೇಳಿದೆ. ದಿನಾ ಕೂಗಿ ಕೂಗಿ ಹೇಳಿದೆ. ಇವಳು ಹೆಬ್ಬೆರಳು ತೋರಿಸಿದಳು."

ಇಡೀ ಸಭೆಯೇ ನಕ್ಕಿತು. ಕೊನೆಯ ಸಾಲಿನ ಮುದುಕ ಕಣ್ಣೊರೆಸಿಕೊಂಡು ನಕ್ಕ, ಅಷ್ಟು ದೂರಕ್ಕೂ ಕೇಳಿಸಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವರಿಗೋಸ್ಕರ ನಾನು ಊರನ್ನೆಲ್ಲ ಎದುರು ಹಾಕಿಕೊಂಡಿದ್ದೇನೆ, ಇವರು ಹೋಗಿ ಹಕ್ಕಿಯ ಕಡೆ ಸೇರಿಕೊಂಡರು.

ಫಿರಂಗಿಯ ಮುಖ ಅರಳಿತು. "ಸರ್, ಗೂಡು ಸರಿಯಾಗಿ ಎಲ್ಲಿದೆ ಹೇಳಿ, ದೂರದಿಂದಲೇ ಒಂದು ಫೋಟೋ..."

"ನಿಮಗೆ ಹೇಳಲ್ಲ" ಎಂದರು ಇವರು, ಅದೇ ದನಿಯಲ್ಲಿ. "ಫೋನು ಕೂಗಿಸೋದನ್ನೂ ನಿಲ್ಲಿಸಿ." ಅಷ್ಟು ಹೇಳಿ ಕೂತರು. ಬೆವರಿದ್ದರು.

ಸಭೆ ಮುಗಿದ ಮೇಲೆ ಬೂಟಮ್ಮ ನಮ್ಮಿಬ್ಬರನ್ನೇ ಕರೆದುಕೊಂಡು ತೂಬಿಗೆ ಹೋದಳು, ಗೂಟ ಹಗ್ಗ ತೆಗೆದುಕೊಂಡು. ಇವರು ಮುಂದೆ, ನಾನು ಹಿಂದೆ. ಈ ದಡದಿಂದಲೇ ಇವರು ಬೆರಳು ಚಾಚಿದರು. ಬೂಟಮ್ಮ ದುರ್ಬೀನು ನನಗೆ ಕೊಟ್ಟಳು. ಮೊದಲು ಬರೀ ಜಲ್ಲಿ. ಆಮೇಲೆ ಜಲ್ಲಿಯ ನಡುವೆ ಜಲ್ಲಿಯಲ್ಲದ ನಾಲ್ಕು, ಮಣ್ಣುಬಣ್ಣ, ಮೈತುಂಬ ಕಪ್ಪು ಚುಕ್ಕೆ. ನಾನು ಕುಣಿದ ಜಾಗ. ಕೊಡೆಯ ತುದಿ ಊರಿದ ಗುರುತು ಅದರ ಪಕ್ಕದಲ್ಲೇ ಇತ್ತು. ಟಿಟ್ಟಿಭ ಇಳಿದು, ಸುತ್ತ ನೋಡಿ, ಕಾಲು ಮಡಿಸಿ ಮೊಟ್ಟೆಗಳ ಮೇಲೆ ಕೂತಿತು. ಅದು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೂಟಮ್ಮ ಗೂಟ ಹೊಡೆಯಲು ಸೇತುವೆಯ ಕಡೆ ಹೋದ ಮೇಲೆ ತಡೆಯಲಾಗಲಿಲ್ಲ.

"ನನ್ನ ಮಾನ ಕಳೆದ್ರಲ್ಲ! ಇದನ್ನ ಮನೇಲಿ ಹೇಳಬಹುದಿತ್ತಲ್ಲ? ಅಡುಗೆಮನೇಲಿ, ಊಟಕ್ಕೆ ಕೂತಾಗ, ಎಲ್ಲಾದ್ರೂ?"

ಇವರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ ಮುಖದಲ್ಲಿ, ಅದು ಇನ್ನೂ ಕಷ್ಟ.

"ಮನೇಲಿ ನನಗೆ ಹೇಳೋಕೆ ಎಲ್ಲಿ ಬಿಡ್ತೀಯ?" ಅಂದರು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಒಂದಲ್ಲ, ಹತ್ತು. ಆಡಲಿಲ್ಲ. ಯಾಕೋ ಗೊತ್ತಿಲ್ಲ, ಸುಸ್ತಾಗಿದ್ದಿರಬೇಕು. ಇವರ ಕೋಟಿನ ಗುಂಡಿ ಹಾಕಲು ಹೋದೆ, ನಾನೇ ಹಾಕ್ಕೋತೀನಿ ಅಂದರು. ಬಹಳ ಹೊತ್ತು ಹಿಡಿಯಿತು. ನಿಂತೆ.

ವಾಪಸು ಬರುವಾಗ ಊರೊಳಗಿನ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದೆ. ಸಿಟ್ಟು ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. ಆದರೆ ನಾಳೆಯ ಚಿಂತೆ ಸಿಟ್ಟಿಗಿಂತ ದೊಡ್ಡದು. ಹಗ್ಗ ಕಟ್ಟಿಯಾಯಿತು, ತೂಬು ಹೋಯಿತು. "ನಾಳೆಯಿಂದ ಎಲ್ಲಿ ಕೂಗ್ತೀರಿ?" ಎಂದು ಕೇಳಿದೆ.

ಇವರು ಯೋಚಿಸಿದರು. ತುಟಿ ಕೂಡಿತು, ಬಿಟ್ಟಿತು. ಮಾತು ಬರುವುದಕ್ಕೆ ಇವರಿಗೆ ಎಷ್ಟು ಹೊತ್ತು ಬೇಕು ಎಂದು ನಾನು ಯಾವತ್ತೂ ಪೂರ್ತಿ ನೋಡಿರಲಿಲ್ಲ. ಹಸಿರು ಬಂತು. ಹಿಂದಿನವನು ಹಾರ್ನ್ ಹೊಡೆದ. ಅವನ ಹಿಂದಿನವನೂ ಹೊಡೆದ. ಒಬ್ಬ ಪಕ್ಕಕ್ಕೆ ಬಂದು ಗಾಜಿಳಿಸಿ, ನಮ್ಮ ಕಾರಿನ ಮೇಲಿನ ಕಲಿಕೆಯ ಬೋರ್ಡು ನೋಡಿ, "ಓಡಿಸೋಕೆ ಬರದೇ ಇದ್ರೆ ಮನೇಲಿ ಕೂತ್ಕೊಳ್ಳಿ ಅಮ್ಮ!" ಎಂದು ಕಿರುಚಿ ಹೋದ. ನನಗೆ! ಬೇರೆ ದಿನವಾಗಿದ್ದರೆ ಅಟ್ಟಿಸಿಕೊಂಡು ಹೋಗಿ ಅವನ ನೀರಿಳಿಸುತ್ತಿದ್ದೆ. ಹ್ಯಾಂಡ್‌ಬ್ರೇಕ್ ಎಳೆದು ಕೂತೆ.

"ನೀನು ಹೊಸಬರಿಗೆ... ಕಲಿಸೋ ಮೈದಾನ" ಎಂದರು ಇವರು. "ನಿನ್ನ ಹುಡುಗರು ಬರೋಕೆ ಮುಂಚೆ. ನೀನು ಒಂದು ತುದೀಲಿ, ನಾನು ಒಂದು ತುದೀಲಿ. ಅಲ್ಲಿ ಯಾರ ಗೂಡೂ ಇಲ್ಲ."

ಇನ್ನೂ ಏನೋ ಇದೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇವರು ಹೇಳಿ ಮುಗಿಸುವಷ್ಟರಲ್ಲಿ ಸಿಗ್ನಲ್ ಮತ್ತೆ ಕೆಂಪಾಗಿತ್ತು.